ಗೆರೆಯೊಳಗೆ ಮೊದಲು ನಿಲ್ಲುವ ಮಾಸ್ತರ

ಬೆಳಗಿನ ಐದೂವರೆ. ಕಾರ್ಖಾನೆಗಳ ಬಡಾವಣೆಯಾದ ಉದ್ಯಮಬಾಗದ ಒಂದು ಫೌಂಡ್ರಿಯ ಹಿಂಗೋಡೆಗೆ ಆತುಕೊಂಡಂತೆ ಚಹಾದ ಡಬ್ಬಾ ಅಂಗಡಿ. ಅದರ ಪಕ್ಕದ ಬಯಲಲ್ಲಿ ಬಾಳೇಶ ಬುಟ್ಟಿಯಿಂದ ಕರಿ ಉಸುಕು ಸುರಿಯುತ್ತ ದೊಡ್ಡದೊಂದು ದುಂಡು ಗೆರೆ ಎಳೆಯುತ್ತಿದ್ದಾರೆ. ಎರಕದ ಅಚ್ಚಿಗೆ ಬಳಸಿ ಕಾರ್ಖಾನೆ ಹೊರಗೆಸೆದ ಉಸುಕು ಅದು. ರಾತ್ರಿ ಪಾಳಿಯ ವಾಚ್‌ಮನ್ ಖಾಕಿ ಅಂಗಿ ಇನ್ನೂ ಅವರ ಮೈಮೇಲಿದೆ. ಗೆರೆಯ ಸುತ್ತ ಹತ್ತು ಹನ್ನೆರಡು ಮಂದಿ ಮಫ್ಲರ್ ಸುತ್ತಿಕೊಂಡು ನಿಂತಿದ್ದಾರೆ. ಇವರ ಪಾಳಿ ಏಳಕ್ಕೆ ಶುರು.

“ದಿ ಮೆನ್!” ಬಾಳೇಶ ಕೂಗುತ್ತಾರೆ. ಎಲ್ಲರೂ ಗೆರೆಯೊಳಗೆ ನುಗ್ಗುತ್ತಾರೆ.

“ದಿ ಮೆನ್ ಹೂ ಕಮ್ ಬೈ ಸೈಕಲ್!” ಸೈಕಲ್ಲಿಲ್ಲದ ಅರ್ಧ ಮಂದಿ ಹೊರಗೆ ಬರುತ್ತಾರೆ.

“ದಿ ಮೆನ್ ಹೂ ಕಮ್ ಬೈ ಸೈಕಲ್ ಆ್ಯಂಡ್ ಹ್ಯಾವ್ ನೋ ಬ್ರೇಕ್!” ಒಳಗೆ ಒಬ್ಬನೇ ಉಳಿದು ಹಲ್ಲು ಕಿರಿಯುತ್ತಾನೆ. ಚಹಾದಂಗಡಿಯ ಮಾಯವ್ವ ಕೂಡ ನಗುತ್ತಾರೆ.

ಇದು ಇಂಗ್ಲಿಷ್ ವ್ಯಾಕರಣದ ಕ್ಲಾಸು. ಪುಸ್ತಕವಿಲ್ಲ, ಹಲಗೆಯಿಲ್ಲ, ಫೀ ಇಲ್ಲ. “ಕನ್ನಡದಾಗ ಗುರ್ತು ಮೊದ್ಲ ಹೇಳ್ತೀವ್ರಿ, ಮನಷ್ಯಾ ಆಮ್ಯಾಲ. ಸೈಕಲ್ ಮ್ಯಾಲ ಬರೋ ಮಂದಿ ಅಂತೀವಿ,” ಎಂದು ಬಾಳೇಶ, ಅವರ ಬಗ್ಗೆ ಬರೆಯಲು ಬಂದ ನನಗೂ ಪಾಠ ಮಾಡುತ್ತಾರೆ. “ಇಂಗ್ಲಿಷಿನ್ಯಾಗ ಮನಷ್ಯಾನ್ನ ಮೊದ್ಲ ನಿಂದರಿಸಿ ಬೆನ್ನಿಗೆ ‘ಹೂ’ ಅಂತ ಗುರ್ತು ಹಚ್ತಾರ. ಸಾಮಾನಿದ್ರ ‘ವಿಚ್’. ಗುರ್ತು ಬಿತ್ತಂದ್ರ ಒಳಗಿನವ್ರು ಯಾರು, ಹೊರಗಿನವ್ರು ಯಾರು, ಖರೇ ತಿಳೀತೈತಿ.” ಅವರ ಇಂಗ್ಲಿಷಿನಲ್ಲಿ ತಪ್ಪುಗಳಿವೆ. ಅದು ಅವರಿಗೂ ಗೊತ್ತು. ಊರಿನ ದಂಡು ಪ್ರದೇಶವಾದ ಕ್ಯಾಂಪಿನಲ್ಲಿ ನಿವೃತ್ತ ಮಾಸ್ತರರೊಬ್ಬರ ತೋಟ ನೋಡಿಕೊಳ್ಳುತ್ತಿದ್ದಾಗ ಕಲಿತದ್ದಷ್ಟೇ ಅವರ ಬಂಡವಾಳ.

ಉಸುಕು ಹೊರುವವರಿಗೆ ಇಂಗ್ಲಿಷೇಕೆ, ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಗುವವರಿದ್ದಾರೆ. ಇಲ್ಲಿಗೆ ಬರುವ ಮುನ್ನ ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಇವರೆಲ್ಲ ಹತ್ತನೇ ಇಯತ್ತೆಯಲ್ಲಿ ಇಂಗ್ಲಿಷ್ ಒಂದರಲ್ಲೇ ಡುಮ್ಕಿ ಹೊಡೆದವರು. ಆ ಒಂದು ಪೇಪರ್ ದಾಟಿದರೆ ಬಸ್ಸಿನ ಕಂಡಕ್ಟರ್ ಕೆಲಸಕ್ಕೆ, ಯಾವುದೋ ಆಫೀಸಿನ ಜವಾನನ ಕೆಲಸಕ್ಕೆ ಅರ್ಜಿ ಹಾಕಬಹುದು. ದಾಟದಿದ್ದರೆ ಇದೇ ಫೌಂಡ್ರಿಯ ಉಸುಕಿನ ಶೆಡ್ಡು. ಅಲ್ಲಿ ಒಣ ಉಸುಕನ್ನು ಜರಡಿ ಹಿಡಿಯಬೇಕು, ಎರಕ ಆರಿದ ಮೇಲೆ ಅಚ್ಚು ಒಡೆಯಬೇಕು. ಮಧ್ಯಾಹ್ನದ ಹೊತ್ತಿಗೆ ಎದುರಿಗಿದ್ದವನ ಮುಖ ಕಾಣುವುದಿಲ್ಲ. ಮೂಗಿಗೆ ಕಟ್ಟಿಕೊಳ್ಳಲು ಹೆಂಡತಿಯ ಹಳೇ ಸೀರೆಯ ತುಂಡೇ ಗತಿ. ಬಾಳೇಶ ಕೂಡ ಹತ್ತು ವರ್ಷಕ್ಕೂ ಮಿಕ್ಕಿ ಅಲ್ಲೇ ದುಡಿದವರು.

ಬಾಳೇಶರದು ಖಾನಾಪುರ ತಾಲ್ಲೂಕಿನ ಕುರಿಗಾರರ ಮನೆ. ಶಿಷ್ಯರಲ್ಲೂ ಹೆಚ್ಚಿನವರು ಕುರಿಗಾರರ ಮಕ್ಕಳೇ. ಗೆರೆಯ ಪಾಠ ಬಂದದ್ದು ಅಪ್ಪ ಭರಮಣ್ಣನ ಕುರಿಹಟ್ಟಿಯಿಂದ. “ಸಂಜೀಕ ಕುರಿ ಹೊಡಕೊಂಡ್ ಬಂದ್ರ ನಮ್ಮಪ್ಪ ಕೋಲು ಹಿಡಕೊಂಡು ನಿಂದರತಿದ್ದ. ಕಿವಿ ಹರದಿದ್ದು ಈ ಕಡೆ, ಗಬ್ಬಾದದ್ದು ಆ ಕಡೆ ಅಂತಿದ್ದ. ಕೆಮ್ಮೋ ಕುರಿ ಇದ್ರ ಅದನ್ನ ಬ್ಯಾರೆ ಕಟ್ಟತಿದ್ದ.”

ಮೂರು ವರ್ಷದ ಹಿಂದಿನ ಒಂದು ಚಳಿಯ ಬೆಳಗು. ಹಟ್ಟಿಯ ನೆನಪಿನಲ್ಲೇ ಬಾಳೇಶರ ಬಾಯಿಂದ ಹೊಸ ವಾಕ್ಯ ಬಿತ್ತು: “ದಿ ಮೆನ್ ಹೂ ಕಾಫ್ ಅಟ್ ನೈಟ್!” ರಾತ್ರಿ ಕೆಮ್ಮುವವರು. ನಗುತ್ತಲೇ ಆರು ಮಂದಿ ಗೆರೆಯೊಳಗೆ ಬಂದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆರೂ ಜನ ಉಸುಕಿನ ಶೆಡ್ಡಿನವರು. ಕುಲುಮೆಯವನಿಲ್ಲ, ಲೇಥಿನವನಿಲ್ಲ. ಅಲ್ಲಿಯವರೆಗೆ ತಂತಮ್ಮ ಕೆಮ್ಮನ್ನು ಬೀಡಿಯ ತಲೆಗೆ ಕಟ್ಟಿದವರು ಅವರು.

ಬಾಳೇಶ ಆ ಆರು ಮಂದಿಯನ್ನು ಸರಕಾರಿ ದವಾಖಾನೆಗೆ ಕರೆದೊಯ್ದರು. ಎದೆಯಲ್ಲಿ ಧೂಳು ಕೂತಿದೆ, ಆದದ್ದು ಹೋಗದು, ಇನ್ನಾದರೂ ಉಸುಕು ಬಿಡಿ ಎಂದರು ಡಾಕ್ಟರು. ನಾಲ್ವರು ಬಿಟ್ಟರು. ಉಳಿದಿಬ್ಬರಿಗೆ ಬೇರೆ ದಾರಿ ಸಿಗಲಿಲ್ಲ. ಕಾರ್ಖಾನೆಯೂ ಒಮ್ಮೆ ಎದೆ ತಪಾಸಣೆಯ ಶಿಬಿರ ಮಾಡಿತು, ಆದರೆ ಕಾಯಂ ನೌಕರರಿಗೆ ಮಾತ್ರ. “ವರ್ಕರ್ಸ್ ಹೂ ಆರ್ ಪರ್ಮನೆಂಟ್ ಅಂತ ನೋಟಿಸಿನ್ಯಾಗ ಬರದಿದ್ರು. ಮಂದಿಗೆ ಓದಿ ಹೇಳಿದಾಂವ ನಾನ. ಆ ‘ಹೂ’ದಾಗ ಉಸುಕಿನ ಶೆಡ್ಡಿನಾಂವ ಒಬ್ಬನೂ ಇರಲಿಲ್ರಿ,” ಎನ್ನುತ್ತಾರೆ ಬಾಳೇಶ. ಅವರ ದನಿಯಲ್ಲಿ ಸಿಟ್ಟಿಲ್ಲ. ನನಗೆ ಮಾತ್ರ ಮೈ ಉರಿಯುತ್ತದೆ.

ಆರು ಮಂದಿ ಒಳಗೆ ಬಂದ ಆ ಬೆಳಗು ಗೆರೆಯೊಳಗೆ ಬಾರದೆ ನಿಂತವನು ಮಾಯವ್ವನ ಗಂಡ ಕರೆಪ್ಪ. ಉಸುಕಿನ ಶೆಡ್ಡಿನಲ್ಲಿ ಎಲ್ಲರಿಗಿಂತ ಹೆಚ್ಚು ಕೆಮ್ಮುತ್ತಿದ್ದವನು ಅವನೇ. ಬಾಯಿಗೆ ಮಫ್ಲರ್ ಒತ್ತಿಕೊಂಡು ಹೊರಗೇ ನಿಂತ. ಯಾಕೆಂದು ಮಾಯವ್ವ ಹೇಳುತ್ತಾರೆ: “ಅವ್ರೂ ಕುರಿ ಕಾದವ್ರ ಅಲ್ರೀ. ಕೆಮ್ಮೋ ಕುರಿ ಬ್ಯಾರೆ ಕಟ್ಟಿದ್ರ ಮರುದಿನಾ ಕಟುಕರ ಪಾಲು. ‘ಗೆರಿಯಾಗ ನಿಂತ್ರ ಮೇಸ್ತ್ರಿಗೆ ಗೊತ್ತಾಗಿ ಕೆಲಸದಿಂದ ತಗೀತಾರ, ನಾ ಹೋಗಾಂವಲ್ಲ’ ಅಂದ್ರು. ಮನ್ಯಾಗೂ ತಲಿದಿಂಬಿನಾಗ ಮಾರಿ ಇಟ್ಟು ಕೆಮ್ಮತಿದ್ರು.” ಕಳೆದ ದೀಪಾವಳಿಗೆ ಮುಂಚೆ ಕರೆಪ್ಪ ಹೋದ. ಕೊನೆಗೆ ಮಲಗಲೂ ಆಗದೆ ಗೋಡೆಗೆ ಒರಗಿ ಕೂತೇ ಇದ್ದನಂತೆ. ಇಷ್ಟು ಹೇಳಿ ಮಾಯವ್ವ ಸ್ಟೋವಿಗೆ ಗಾಳಿ ಹೊಡೆಯತೊಡಗುತ್ತಾರೆ.

ಕರೆಪ್ಪ ಹೋದ ಮೇಲೆ ಬಾಳೇಶ ಒಂದು ತಿಂಗಳು ಕ್ಲಾಸು ನಿಲ್ಲಿಸಿದ್ದರು. “ನನ್ನ ತಪ್ಪ ಐತ್ರಿ. ಕೋಲು ಹಿಡಿದಾಂವ ಹೊರಗ ನಿಂತು ಕೂಗಿದ್ರ ಕುರಿ ಅಂಜತೈತಿ.” ಮತ್ತೆ ಶುರು ಮಾಡಿಸಿದವರು ಮಾಯವ್ವನೇ. ಉಸುಕಿನ ಬುಟ್ಟಿ ತಂದು ಮುಂದಿಟ್ಟು, “ಉಳದವ್ರನ್ನರ ಆ ಶೆಡ್ಡಿನಿಂದ ಹೊರಗ ತಗೀ ತಮ್ಮಾ,” ಎಂದರಂತೆ.

ಈಗ ಶೆಡ್ಡಿನಲ್ಲಿರುವ ಶಿಷ್ಯರಲ್ಲಿ ಬಾಳೇಶರಿಗೆ ಶಿವಲಿಂಗನದೇ ಚಿಂತೆ. ಹೆಂಡತಿ ಮಕ್ಕಳು ಖಾನಾಪುರದಲ್ಲಿ, ಇವನು ಇಲ್ಲೊಂದು ಖೋಲಿಯಲ್ಲಿ. ಬರುವ ಎಪ್ರಿಲ್‌ನಲ್ಲಿ ಪರೀಕ್ಷೆ. “ಪಾಸಾದ್ರ ಕಂಡಕ್ಟರ್ ಆಕ್ಕೇನ್ರಿ. ಬಸ್ಸಿನ್ಯಾಗ ಧೂಳಿದ್ರೂ ಖಿಡಕಿ ಇರತೈತಿ,” ಎನ್ನುತ್ತಾನೆ. ಮಾತಿನ ನಡುವೆ ಎರಡು ಸಲ ಮುಖ ತಿರುಗಿಸಿ ಗಂಟಲು ಸರಿಮಾಡಿಕೊಳ್ಳುತ್ತಾನೆ.

ಆರೂಮುಕ್ಕಾಲಾಗಿದೆ. ಪಾಳಿಯ ಸೈರನ್ನಿಗೆ ಮುಂಚೆ ಕೊನೆಯ ವಾಕ್ಯ ಬಾಕಿಯಿದೆ. ಕ್ಲಾಸು ಮತ್ತೆ ಶುರುವಾದಾಗಿನಿಂದ ವಾರಕ್ಕೊಮ್ಮೆ ಅದನ್ನು ಹೇಳುವುದು ಪದ್ಧತಿ. ಬಾಳೇಶ ಬುಟ್ಟಿ ಕೆಳಗಿಟ್ಟು, ಗೆರೆ ದಾಟಿ ತಾವೇ ಮೊದಲು ನಡುವೆ ನಿಲ್ಲುತ್ತಾರೆ. “ದಿ ಮೆನ್ ಹೂ ಕಾಫ್ ಅಟ್ ನೈಟ್,” ಎನ್ನುತ್ತಾರೆ. ಈ ಸಲ ಕೂಗುವುದಿಲ್ಲ, ಮೆಲ್ಲಗೆ ಹೇಳುತ್ತಾರೆ. ಹೇಳಿದ್ದೇ ಅವರಿಗೂ ಕೆಮ್ಮು ಬರುತ್ತದೆ. ಬಗ್ಗಿ, ಮೊಣಕಾಲು ಹಿಡಿದು ಬಹಳ ಹೊತ್ತು ಕೆಮ್ಮುತ್ತಾರೆ. ಯಾರೂ ನಗುವುದಿಲ್ಲ.

ಶಿವಲಿಂಗ ಮಾಯವ್ವನ ಕಡೆ ನೋಡುತ್ತಾನೆ, ಕಾರ್ಖಾನೆಯ ಗೇಟಿನ ಕಡೆ ನೋಡುತ್ತಾನೆ. ಆಮೇಲೆ ಗೆರೆ ದಾಟಿ ಬಂದು ಬಾಳೇಶರ ಪಕ್ಕ ನಿಲ್ಲುತ್ತಾನೆ. ಬಾಳೇಶ ಅವನ ಹೆಗಲ ಮೇಲೆ ಕೈ ಹಾಕುತ್ತಾರೆ. ನಿಮಗೇನು ಆಸೆ ಎಂದು ಕ್ಲಾಸಿಗೆ ಮುಂಚೆ ನಾನು ಅವರನ್ನು ಕೇಳಿದ್ದಕ್ಕೆ ಉತ್ತರ ಈಗ ಬರುತ್ತದೆ.

“ಎಪ್ರಿಲಿನ್ಯಾಗ ಇಂವ ಪಾಸಾಗ್ಲಿ ಸಾಕ್ರಿ. ಆಮ್ಯಾಲ ಈ ಗೆರಿಯಾಗ ನಾ ಒಬ್ಬನ ನಿಂತ್ರೂ ನಡೀತೈತಿ.”