ಕಾವು ಕೂರದ ಹಕ್ಕಿ

ಎಡಗೈಯ ಹೆಬ್ಬೆರಳೇ ಇರಬೇಕು, ಉಗುರಿಲ್ಲದೆ, ಸುಲಿದ ಹುಣಸೆ ಬೀಜದಂತೆ ನುಣ್ಣಗೆ ಹೊಳೆಯುತ್ತಿದ್ದದ್ದು. ಅಥವಾ ಬಲಗೈಯದೋ. ತೆಂಗಿನ ಮರ ಹತ್ತುವ ಏಡಿಯೊಂದು ತಮ್ಮ ಆ ಉಗುರನ್ನು ಕಿತ್ತಿತೆಂದು ಪಕ್ಕದ ಮನೆ ಮಾವ ಹೇಳುತ್ತಿದ್ದರು. ನಮ್ಮತ್ತೆ ನಂಬುತ್ತಿರಲಿಲ್ಲ. "ಏಡಿ ಅಂತೆ, ಮರ ಹತ್ತೋದಂತೆ! ಆಲೆಮನೆ ಗಾಣಕ್ಕೆ ಸಿಕ್ಕಾಕ್ಕೊಂಡಿದ್ದು ಕಣೆ ಅದು."

ಅಂಡಮಾನಿಗೂ ಆಚೆಯ ದ್ವೀಪವೊಂದರಲ್ಲಿ ಮಾವ ಕಾಡು ಕಾಯುತ್ತಿದ್ದರಂತೆ. ಯಾವ ದ್ವೀಪ ಎಂದರೆ ಒಂದೊಂದು ಸಲ ಒಂದೊಂದು ಹೆಸರು. ಜಗಲಿಯಲ್ಲಿ ಕೂತ ಅವರ ವಯಸ್ಸಿನವರು ಬಿಡುತ್ತಿರಲಿಲ್ಲ. "ಅಂಡಮಾನ್ಗೆ ಸುಮ್ನೆ ಕಳುಸ್ತಾರೇನ್ಲಾ? ಯಾರ್ನ ಕಡ್ದು ಹೋಗಿದ್ದೆ, ಹೇಳ್ಬುಡು!" ಮಾವ ಬರೀ ನಗುತ್ತಿದ್ದರು. ಆ ನಗುವೇ ನನಗೂ ಅನುಮಾನ ತರುತ್ತಿತ್ತು.

ನಮ್ಮೂರು ಕೈಲಾಂಚದ ಸುತ್ತ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆಯಾಗುತ್ತಿದ್ದ ಕಾಲ. ನಾನು ಅತ್ತೆಯ ಮನೆಗೆ ಸೊಸೆಯಾಗಿ ಬಂದು ವರ್ಷವಾಗಿರಲಿಲ್ಲ. ಮಾವ ರೇಷ್ಮೆ ಹುಳು ಸಾಕುವ ಮನೆಗಳಿಗೆ ಸೊಪ್ಪು ಕೊಯ್ದುಕೊಟ್ಟು ಬದುಕುತ್ತಿದ್ದರು. ಹೊರೆ ಇಳಿಸಿ ಹುಳುಮನೆಯ ಹೊಸಲಾಚೆಯೇ ನಿಲ್ಲುತ್ತಿದ್ದರು. ಒಳಗೆ ಕಾಲಿಟ್ಟದ್ದನ್ನು ನಾನು ಕಾಣೆ. "ಆ ಕಾಡ್ಗೂ ಮೆಟ್ಟು ತೊಳೀದೆ ಇಳಿಯಂಗಿರ್ಲಿಲ್ಲ ಕಣವ್ವ. ಹೊರಗಿನ ಒಂದು ಬೀಜ ಅಂಟ್ಕೊಂಡು ಬಂದ್ರೂ ದ್ವೀಪ ಕೆಟ್ಟೋಯ್ತದೆ" ಎಂದಿದ್ದರು. ನಿಜಕ್ಕೂ ಎಂದಿದ್ದರೋ, ಆಮೇಲೆ ನಡೆದದ್ದಕ್ಕೆ ಹೊಂದಲೆಂದು ನಾನೇ ಅವರ ಬಾಯಲ್ಲಿಟ್ಟೆನೋ.

ಚಳಿಗಾಲದ ಒಂದು ಬೆಳಿಗ್ಗೆ ನಮ್ಮ ತಿಪ್ಪೆ ಹೊಗೆಯಾಡುತ್ತಿತ್ತು. ಹುಳುವಿನ ಹಿಕ್ಕೆ, ತಿಂದುಳಿದ ಕಡ್ಡಿ ಎಲ್ಲ ಅಲ್ಲಿಗೇ ಸುರಿಯುತ್ತಿದ್ದೆವು. ಮಾವ ಅದನ್ನು ನೋಡಿ ನಿಂತರು.

"ಆ ದ್ವೀಪ್ದಲ್ಲೊಂದು ಹಕ್ಕಿ ಐತೆ. ಕಾವು ಕೂರಲ್ಲ. ಎಲೆ, ಮಣ್ಣು ಆಳುದ್ದ ಗುಡ್ಡೆ ಮಾಡಿ, ಮೊಟ್ಟೆ ಹೂತಾಕಿ ಹೊಂಟೋಯ್ತದೆ. ಕೊಳೆಯೋ ಬಿಸೀಗೇ ಮರಿ ಆಯ್ತವೆ."

"ಸುಳ್ಳಿಗೂ ಒಂದು ಮಿತಿ ಬೇಡ್ವಾ ಮಾವ?"

"ನೀನೇ ಕೈ ಇಕ್ಕಿ ನೋಡು."

ಮೊಣಕೈವರೆಗೂ ಇಳಿಸಿದೆ. ಒಳಗೆ ಬಾಣಂತಿಯ ಹೊದಿಕೆಯಷ್ಟು ಬೆಚ್ಚಗಿತ್ತು. ನಗು ಬಂತು. ಅಷ್ಟರಲ್ಲಿ ಅತ್ತೆ ಕೂಗಿದರು: "ಹುಳ ಜ್ವರದಿಂದ ಎದ್ದವೆ, ಸೊಪ್ಪಾಕು ಬಾರೆ!" ಪೊರೆ ಬಿಡುವ ಮುಂಚೆ ಹುಳು ತಿನ್ನದೆ ಮಲಗುವುದಕ್ಕೆ ಜ್ವರ ಎನ್ನುತ್ತಿದ್ದೆವು; ಎದ್ದ ಮೇಲೆ ಅವಕ್ಕೆ ಹಸಿವು ಹೆಚ್ಚು. ಓಡಿಹೋಗಿ ತಟ್ಟೆ ತಟ್ಟೆಗೂ ಸೊಪ್ಪು ಉದುರಿಸಿದೆ.

ವಾರ ಕಳೆಯುವುದರೊಳಗೆ ಹಾಲುರೋಗ. ಹುಳುಗಳು ಊದಿ, ತೊಗಲೊಡೆದು, ಹಾಲಿನಂಥ ನೀರು ಸೋರಿ ಸತ್ತವು. ಇಡೀ ಬೆಳೆಯನ್ನು ಗುಂಡಿಗೆ ಸುರಿದು ಸುಣ್ಣ ಮುಚ್ಚಿದೆವು. ಅತ್ತೆ ಬೇಲಿಯ ಬಳಿ ನಿಂತು ಬೀದಿಗೆಲ್ಲ ಕೇಳುವಂತೆ ಬೈದರು. "ಬಾಗ್ಲಲ್ಲಿ ನಿಂತು ಕಣ್ಣಾಕ್ಬುಟ್ಯಲ್ಲಣ್ಣೋ! ಯಾವ ದ್ವೀಪದ ಪಾಪ ತಂದು ನಮ್ ಮನೇಲಿ ಸುರಿದ್ಯೋ!"

ಮಾವ ಅತ್ತೆಯನ್ನು ನೋಡಲಿಲ್ಲ. ನನ್ನ ಮುಖ ನೋಡಿದರು, ಆಮೇಲೆ ನನ್ನ ಕೈ ನೋಡಿದರು. "ಹೂಂ ಕಣವ್ವ. ನಿಂತಿದ್ದು ನಾನೇ" ಎಂದರು. ನಾನು ಬಾಯಿ ಬಿಡಲಿಲ್ಲ.

ಆಮೇಲೆ ಬೀದಿಯಲ್ಲಿ ಯಾರೂ ಅವರನ್ನು ಸೊಪ್ಪಿಗೆ ಕರೆಯಲಿಲ್ಲ. ಯುಗಾದಿಗೆ ಮೊದಲೇ ಮಾಗಡಿ ಕಡೆ ತಂಗಿಯ ಮನೆಗೆ ಹೋದರು. ಅಲ್ಲೇ ತೀರಿಕೊಂಡರೆಂಬ ಸುದ್ದಿ ತಿಥಿ ಮುಗಿದ ಮೇಲೆ ಬಂತು. "ಪಾಪ" ಎಂದರು ಅತ್ತೆ, ಅಷ್ಟೆ.

ಬಹಳ ವರ್ಷಗಳ ಮೇಲೆ ಮೊಮ್ಮಗಳ ಪುಸ್ತಕದಲ್ಲಿ ಆ ಹಕ್ಕಿಯ ಚಿತ್ರ ಕಂಡೆ: ಕಂದು ಬಣ್ಣ, ದಪ್ಪ ಕಾಲು, ಪಕ್ಕದಲ್ಲಿ ಎಲೆಮಣ್ಣಿನ ಗುಡ್ಡೆ. ಹಕ್ಕಿ ಇದೆ. ಅದರಿಂದ ಮಾವ ಅದನ್ನು ಕಂಡಿದ್ದರೆಂದಾಗುವುದಿಲ್ಲ. ಯಾರೋ ಹೇಳಿದ್ದನ್ನು ಕೇಳಿರಬಹುದು. ಉಗುರು ಗಾಣದಲ್ಲೇ ಹೋಗಿರಬಹುದು.

ಹುಳುಮನೆಯ ಬಾಗಿಲಲ್ಲಿ ಕೈ ತೊಳೆಯಲು ಸದಾ ಒಂದು ಬಕೆಟ್ ನೀರು ಇರುತ್ತಿತ್ತು. ಅದು ನೆನಪಿದೆ. ಆ ಬೆಳಿಗ್ಗೆ ನಾನು ಅದರಲ್ಲಿ ಕೈ ಅದ್ದಿದೆನೇ ಎಂಬುದು ನನಗೆ ಗೊತ್ತಿಲ್ಲ.