ಕೆಂಪು ಟ್ಯಾಗಿನ ಮಗು

ಕೊರೊನಾ ಮುಗಿದು ಸ್ಕೂಲುಗಳು ಮತ್ತೆ ತೆರೆದ ಎರಡನೇ ವರ್ಷ. ಆಗ ನಾನು ಹೊಳೆನರಸೀಪುರದ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಸ್ಕೂಲಿನಲ್ಲಿ ಆಯಾ ಆಗಿದ್ದೆ. ಎಲ್‌ಕೆಜಿ, ಯುಕೆಜಿ ಮಕ್ಕಳು ನನ್ನ ಪಾಲು. ಮೂಗು ಒರೆಸುವುದು, ಚಡ್ಡಿ ಬದಲಿಸುವುದು, ಊಟದ ಡಬ್ಬಿಯ ಮುಚ್ಚಳ ತೆಗೆದುಕೊಡುವುದು, ಸಂಜೆ ಗೇಟಿನಲ್ಲಿ ನಿಂತು ಮಕ್ಕಳನ್ನು ಮನೆಯವರ ಕೈಗೆ ಒಪ್ಪಿಸುವುದು, ಹಳ್ಳಿಮೈಸೂರು ಕಡೆಯ ವ್ಯಾನಿನಲ್ಲಿ ಹೋಗಿ ಬರುವುದು. ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದೆ. ನಾನು ಓದಿರುವುದು ಮೂರನೇ ಕ್ಲಾಸು. ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತೇನೆ. ಇಂಗ್ಲಿಷ್ ಬರುವುದಿಲ್ಲ.

ಆ ಸ್ಕೂಲಿನಲ್ಲಿ ಪ್ರತಿ ಶುಕ್ರವಾರ ‘ವಾರದ ಸುದ್ದಿ’ ಅಂತ ಒಂದು ಹಾಳೆ ಅಚ್ಚು ಹಾಕಿಸಿ ಮಕ್ಕಳ ಡೈರಿಯೊಳಗೆ ಇಟ್ಟು ಕಳಿಸುತ್ತಿದ್ದರು. ಒಂದು ಕಡೆ ಇಂಗ್ಲಿಷ್, ಒಂದು ಕಡೆ ಕನ್ನಡ. ಯಾರಿಗೆ ಪ್ರೈಜು ಬಂತು, ಯಾರ ಹುಟ್ಟುಹಬ್ಬ, ಮುಂದಿನ ವಾರ ಏನು, ಇಂಥದೇ. ತಿಂಗಳಿಗೊಂದು ಶನಿವಾರ ಅಪ್ಪ ಅಮ್ಮ ಸ್ಕೂಲಿಗೆ ಬಂದು ಮಕ್ಕಳ ಜೊತೆ ಏನಾದರೂ ಮಾಡಬೇಕು. ಒಂದು ಸಲ ರಂಗೋಲಿ, ಒಂದು ಸಲ ಮಣ್ಣಿನ ಕುಂಡ, ಒಂದು ಸಲ ಅಡುಗೆ. ಅದಕ್ಕೆ ಫ್ಯಾಮಿಲಿ ಶನಿವಾರ ಅನ್ನುತ್ತಿದ್ದರು. ಅದರ ಫೋಟೋ ಮುಂದಿನ ಹಾಳೆಯಲ್ಲಿ ಬರುತ್ತಿತ್ತು. ಫೋಟೋದಲ್ಲಿ ತಮ್ಮ ಮಗು ಹಿಂದಿನ ಸಾಲಿನಲ್ಲಿದ್ದರೆ ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ನನ್ನ ಮೇಲೆ ಜಗಳ. ಸಾಲು ನಿಲ್ಲಿಸುತ್ತಿದ್ದವಳು ನಾನು.

ಕೆಲವು ಮಕ್ಕಳ ಫೋಟೋ ತೆಗೆಯಬಾರದು ಎಂದು ಮನೆಯವರು ಬರೆದುಕೊಟ್ಟಿರುತ್ತಿದ್ದರು. ಆ ಪಟ್ಟಿ ಇಂಗ್ಲಿಷಿನಲ್ಲಿತ್ತು. ನನಗೆ ಓದಲು ಬಾರದು ಎಂದು ಪ್ರಿನ್ಸಿಪಾಲ್ ಮೇಡಂ ಒಂದು ಗುರುತು ಮಾಡಿದರು. ಕುತ್ತಿಗೆಗೆ ಹಾಕುವ ಐಡಿ ಕಾರ್ಡಿನ ಟ್ಯಾಗು ಎಲ್ಲ ಮಕ್ಕಳಿಗೆ ನೀಲಿ, ಫೋಟೋ ಬೇಡದ ಮಕ್ಕಳಿಗೆ ಕೆಂಪು. ಆ ವರ್ಷ ಕೆಂಪು ಟ್ಯಾಗಿನವರು ನಾಲ್ಕು ಜನ. ಯಾಕೆ ಬೇಡ ಎಂದು ಆಯಾಗಳಿಗೆ ಹೇಳುವ ಪದ್ಧತಿ ಇರಲಿಲ್ಲ. ಒಂದು ಮಗುವಿನ ಅಜ್ಜ ಮಾತ್ರ ಒಮ್ಮೆ ತಾನಾಗಿ ಹೇಳಿದ್ದ, “ಫೋಟ ತಗುದ್ರೆ ದೃಷ್ಟಿ ಆಯ್ತದೆ ಕಣಮ್ಮ, ಮೂರ್ ದಿನ ಉಣ್ಣಕಿಲ್ಲ ಇದು” ಎಂದು. ಉಳಿದ ಮೂವರದೂ ಅದೇ ಇರಬೇಕು ಅಂದುಕೊಂಡೆ.

ಆ ಮೂವರಲ್ಲಿ ಒಬ್ಬಳು ಇಂಚರ. ಯುಕೆಜಿ. ಜೂನ್‌ನಲ್ಲಿ ಹೊಸದಾಗಿ ಸೇರಿದವಳು. ತಾಯಿ ಸವಿತಾ, ಪೇಟೆಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ತಾಯಿ ಮಗು ಇಬ್ಬರೇ ಬಾಡಿಗೆ ಮನೆಯಲ್ಲಿದ್ದರು. ಮಗುವನ್ನು ಯಾರ ಕೈಗೆ ಕೊಡಬಹುದು ಎಂಬುದಕ್ಕೆ ಪ್ರತಿ ಮನೆಗೂ ಒಂದು ಗೇಟ್ ಕಾರ್ಡು ಇರುತ್ತದೆ, ಅದರಲ್ಲಿ ಅಪ್ಪ, ಅಮ್ಮ, ಅಜ್ಜ, ಅಜ್ಜಿಯ ಫೋಟೋ. ಇಂಚರಳ ಕಾರ್ಡಿನಲ್ಲಿ ತಾಯಿಯದು ಒಂದೇ ಇತ್ತು.

ನವೆಂಬರಿನ ಫ್ಯಾಮಿಲಿ ಶನಿವಾರ ಕಡಲೆಕಾಯಿ ಹುರಿದು ಬೆಲ್ಲದ ಉಂಡೆ ಕಟ್ಟುವುದಿತ್ತು. ಅಂಗಳದಲ್ಲಿ ಆರು ಒಲೆ ಹೂಡಿದ್ದೆವು. ಸವಿತಾಗೆ ಲ್ಯಾಬಿನಲ್ಲಿ ಶನಿವಾರ ರಜೆ ಇಲ್ಲ, ಬಂದಿರಲಿಲ್ಲ. ಇಂಚರ ನನ್ನ ಸೆರಗು ಹಿಡಿದುಕೊಂಡು ಒಲೆಯಿಂದ ಒಲೆಗೆ ನನ್ನ ಹಿಂದೆಯೇ ಸುತ್ತುತ್ತಿದ್ದಳು. ಫೋಟೋಗೆ ಸಾಲು ನಿಲ್ಲಿಸುವ ಹೊತ್ತಿಗೆ ಅಳು ಶುರು ಮಾಡಿದಳು.

“ಆಯಮ್ಮ, ನಾನ್ಯಾಕೆ ಸುದ್ದೀಲಿ ಬರಲ್ಲ? ಮಿಸ್ಸು ಎಲ್ಲಾರ್ನೂ ತೋರಿಸ್ತಾರೆ, ನನ್ನ ತೋರ್ಸಲ್ಲ.”

“ನಿಂದು ಕೆಂಪು ಟ್ಯಾಗು ಕಣೆ. ಸುಮ್ನೆ ಕೂತ್ಕೊ.”

“ನಂಗೆ ನೀಲಿ ಕೊಡು.”

ನನಗೆ ಕನಿಕರ ಬಂತು ಎಂದು ಹೇಳಿದರೆ ಸುಳ್ಳು. ಬಿಸಿ ಬಾಣಲೆಗಳ ನಡುವೆ ಅಳುವ ಮಗು ಕಾಲಿಗೆ ತೊಡರುತ್ತಿತ್ತು. ಆ ಅಳು ನಿಲ್ಲಬೇಕಿತ್ತು. ಬಾಣಲೆಯ ತಳದ ಮಸಿಯನ್ನು ಬೆರಳಿಗೆ ತಗೊಂಡು ಅವಳ ಬಲಗೆನ್ನೆಗೆ ಒಂದು ದಪ್ಪ ಬೊಟ್ಟು ಇಟ್ಟೆ. ದೃಷ್ಟಿಗೆ ಅಷ್ಟು ಸಾಕು ಅಂತ. ಕೆಂಪು ಟ್ಯಾಗು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಎರಡನೇ ಸಾಲಿನಲ್ಲಿ ನಿಲ್ಲಿಸಿದೆ. ಫೋಟೋ ತೆಗೆಯುತ್ತಿದ್ದವರು ಕಂಪ್ಯೂಟರ್ ಮಾಸ್ಟರು ಲೋಕೇಶ. ಅವರು ಸಾಲನ್ನೊಮ್ಮೆ ನೋಡಿ ಕೆಂಪು ಇಲ್ಲ ಎಂದು ಖಾತ್ರಿ ಮಾಡಿಕೊಂಡು ಒತ್ತಿದರು. ಆಮೇಲೆ ಟ್ಯಾಗನ್ನು ಮತ್ತೆ ಹಾಕಿದೆ. ಮಗು ಉಂಡೆ ತಿನ್ನುತ್ತಾ ಕೂತಿತು.

ಮುಂದಿನ ಶುಕ್ರವಾರ ಹಾಳೆ ಹಂಚಿದೆವು. ಒಟ್ಟು ಇನ್ನೂರ ಹದಿನೆಂಟು ಹಾಳೆ. ಅದೇ ದಿನ ಸಂಜೆ ಸವಿತಾ ಲ್ಯಾಬಿನ ಬಿಳಿ ಕೋಟಿನಲ್ಲೇ ಆಫೀಸಿಗೆ ಬಂದಳು. ಕೈಯಲ್ಲಿ ಹಾಳೆ. ಕೂಗಾಡಲಿಲ್ಲ. ಮೇಡಂ ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಯಾರು ನಿಲ್ಸಿದ್ದು ಇವಳನ್ನ?”

ಮೇಡಂ ಲೋಕೇಶ ಮಾಸ್ಟರನ್ನು ಕರೆಸಿ ಬಯ್ಯತೊಡಗಿದರು. ಆ ಮನುಷ್ಯ ಬೆವರುತ್ತಾ “ಟ್ಯಾಗ್ ಇರಲಿಲ್ಲ ಮೇಡಂ” ಅನ್ನುವುದು ಬಿಟ್ಟು ಬೇರೆ ಮಾತೇ ಆಡಲಿಲ್ಲ. ನಾನು ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದೆ.

“ಅವ್ರನ್ನ ಬಯ್ಬೇಡಿ. ನಾನೇ ಟ್ಯಾಗು ಬಿಚ್ಚಿ ನಿಲ್ಸಿದ್ದು” ಅಂದೆ. “ದೃಷ್ಟಿಗೆ ಎದ್ರಿ ಬ್ಯಾಡ ಅಂದವ್ರೆ ಅನ್ಕಂಡು ಬೊಟ್ಟು ಇಟ್ಟೆ.”

ಸವಿತಾ ನನ್ನ ಕಡೆ ತಿರುಗಿದಳು. ಲ್ಯಾಬಿನ ರಿಪೋರ್ಟ್ ಓದಿದ ಹಾಗೆ ಹೇಳಿದಳು.

“ಇವಳ ಅಪ್ಪನ ಊರು ಮಲ್ಲಿಪಟ್ಟಣ. ಹೊಡೀತಾನೆ ಅಂತ ಬಿಟ್ಟು ಬಂದೆ. ಅರಕಲಗೂಡಲ್ಲಿ ಎಲ್‌ಕೆಜಿಗೆ ಹಾಕಿದ್ದೆ. ಅಜ್ಜಿಗೆ ಹುಷಾರಿಲ್ಲ ಅಂತ ಗೇಟಲ್ಲಿ ಹೇಳಿ ಕರ್ಕೊಂಡು ಹೋದ. ಹನ್ನೊಂದು ದಿವ್ಸ ನನ್ನ ಮಗು ಎಲ್ಲಿದೆ ಅಂತ ನಂಗೆ ಗೊತ್ತಿರ್ಲಿಲ್ಲ. ಕೋರ್ಟಿಂದ ಆರ್ಡರ್ ತಂದು ಬಿಡಿಸ್ಕೊಂಡು ಬಂದೆ. ಇನ್ನೊಂದ್ಸಲ ಕರ್ಕೊಂಡೋದ್ರೆ ಯಾವ ಕೋರ್ಟಿಗೂ ಸಿಗಲ್ಲ ಅಂತ ಅವನೇ ಹೇಳಿದಾನೆ. ಇಲ್ಲಿದೀವಿ ಅಂತ ನಮ್ಮಪ್ಪನ ಮನೆಗೂ ಹೇಳಿಲ್ಲ ನಾನು.”

ಹಾಳೆಯ ತಲೆಯ ಮೇಲೆ ಸ್ಕೂಲಿನ ಹೆಸರು, ಊರು ದಪ್ಪಕ್ಷರದಲ್ಲಿತ್ತು. ಅದನ್ನು ಅವಳು ಬೆರಳಲ್ಲಿ ತೋರಿಸಿದಳು. ನಾನು ಅಕ್ಷರ ಕೂಡಿಸಿ ಓದಿದೆ.

ಸ್ಕೂಲಿನ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದ ಫೋಟೋವನ್ನು ಮೇಡಂ ಆಗಲೇ ಅಳಿಸಿದರು. ಪ್ರಿಂಟ್ ತಪ್ಪಾಗಿದೆ, ಹಾಳೆ ವಾಪಸ್ ಕಳಿಸಿ ಎಂದು ಎಲ್ಲ ಮನೆಗೂ ಮೆಸೇಜ್ ಹೋಯಿತು. ವಾಪಸ್ ಪಡೆಯುವ ಕೆಲಸ ನನಗೆ ಕೊಟ್ಟರು. ಶನಿವಾರ ನೂರ ಎಂಬತ್ತೇಳು ಬಂದವು. ಒಂದರ ಮೇಲೆ ಸಾರು ಚೆಲ್ಲಿತ್ತು, ಒಂದನ್ನು ದೋಣಿ ಮಾಡಿದ್ದರು. ಸೋಮವಾರ ಮೂವತ್ತು. ಒಂದು ಬರಲಿಲ್ಲ. ಆಫೀಸಿನಲ್ಲಿ ಪಟ್ಟಿ ನೋಡಿ ಹೇಳಿದರು, ಹಳ್ಳಿಮೈಸೂರಿನ ಭಾಗ್ಯಳ ಮನೆಯದು. ಅವಳ ಮಗ ಎಲ್‌ಕೆಜಿ. ಸಂಜೆ ವ್ಯಾನ್ ನಿಲ್ಲಿಸಿ ಅವರ ಮನೆಗೆ ನಡೆದು ಹೋದೆ.

“ಏನ್ ನಿಂಗಮ್ಮ, ಒಂದ್ ಆಳೆಗೋಸ್ಕರ ಮನೆಗಂಟ ಬಂದ್ಬುಟ್ಟಿದ್ದೀಯ? ಅದ್ರಲ್ಲೇನ್ ಚಿನ್ನ ಅಂಟ್ಸಿದ್ರಾ?” ಎಂದು ಭಾಗ್ಯ ನಕ್ಕಳು.

“ಪ್ರಿಂಟ್ ತಪ್ಪಾಗೈತಂತೆ. ಕೊಟ್ಬುಡವ್ವ ಅತ್ಲಾಗೆ.”

“ಎಲ್ಲೈತೆ ಕೊಡಕ್ಕೆ? ನನ್ ಮಗ ಮುಂದ್ಗಡೆನೇ ನಿಂತವ್ನೆ ನೋಡು ಅಂತ ನಮ್ಮಕ್ಕಂಗೆ ಕೊಟ್ಬುಟ್ಟೆ. ನೆನ್ನೆ ಬಂದಿದ್ಲು. ಕಡ್ಲೆಕಾಯ್ ಉಂಡೆ ಅದ್ರಲ್ಲೇ ಸುತ್ಕಂಡೋದ್ಲು.”

“ನಿಮ್ಮಕ್ಕ ಯಾವೂರು?”

“ಮಲ್ಲಿಪಟ್ಟಣ ಕಣ. ಯಾಕೆ?”

“ಏನಿಲ್ಲ” ಎಂದು ಹೇಳಿ ವ್ಯಾನ್ ಹತ್ತಿದೆ. ಇನ್ನೂರ ಹದಿನೇಳು ಹಾಳೆ ಕೈಗೆ ಬಂದಿತ್ತು. ಹೋಗಬಾರದ ಊರಿಗೆ ಹೋದದ್ದು ಆ ಒಂದೇ.

ಮರುದಿನ ಮೇಡಂ ಮುಂದೆ ಸವಿತಾಗೆ ಹೇಳಿದೆ. ಅವಳು ಗೋಡೆಯ ಕ್ಯಾಲೆಂಡರ್ ನೋಡಿದಳು. “ಬರ್ತಾನೆ” ಅಂದಳು. “ಇದು ಮೂರನೇ ಊರು. ಇನ್ನೆಷ್ಟು ಬದಲಾಯಿಸ್ಲಿ?” ಮೇಡಂ, ನಾವು ನೋಡಿಕೊಳ್ಳುತ್ತೇವೆ, ಇಲ್ಲೇ ಇರಿ ಅಂದರು. ಅವತ್ತಿನಿಂದ ಸಂಜೆ ಇಂಚರಳನ್ನು ಗೇಟಿಗೆ ಬಿಡದೆ ಆಫೀಸಿನಲ್ಲಿ ಕೂರಿಸುವುದು, ಸವಿತಾ ಹಿಂದಿನ ಬಾಗಿಲಿನಿಂದ ಬಂದು ಕರೆದುಕೊಂಡು ಹೋಗುವುದು ಎಂದಾಯಿತು.

ಒಂಬತ್ತು ದಿನ ಯಾರೂ ಬರಲಿಲ್ಲ. ಹತ್ತನೇ ದಿನ ಸ್ಕೂಲು ಬಿಡುವ ಹೊತ್ತಿಗೆ ಒಬ್ಬ ಬಂದ. ಮೂವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಜೊತೆಗೆ ಅವನ ತಾಯಿ, ಕೈಯಲ್ಲಿ ಬಟ್ಟೆ ಅಂಗಡಿಯ ಕವರ್. ಜೇಬಿನಿಂದ ಮಡಿಸಿದ ಹಾಳೆ ತೆಗೆದ. ಉಂಡೆಯ ಜಿಡ್ಡಿಗೆ ಮೂಲೆಯೆಲ್ಲ ಪಾರದರ್ಶಕವಾಗಿತ್ತು.

“ನಾನು ಇಂಚರನ್ ತಂದೆ. ಕರ್ಕೊಂಡೋಗಕ್ ಬಂದಿದ್ದೀನಿ.”

“ಕಾರ್ಡು?”

“ಅಪ್ಪಂಗೆ ಕಾರ್ಡ್ ಯಾಕಮ್ಮ?” ಮೆತ್ತಗೆ ಮಾತಾಡುತ್ತಿದ್ದ. ಹಾಳೆಯನ್ನು ನನ್ನ ಮುಖದ ಹತ್ತಿರ ಹಿಡಿದ. “ಇದೇ ಅಲ್ವಾ ನನ್ ಮಗ್ಳು? ನಮ್ ಬೀದಿಯೋರ ಮನೇಲಿ ಬಿದ್ದಿತ್ತು. ಇಷ್ಟೊಂದ್ ಮಕ್ಳಲ್ಲಿ ನಾನ್ ಯಾಕ್ ನೋಡ್ತಿದ್ದೆ? ಕೆನ್ನೆ ಮೇಲೆ ಇಷ್ಟ್ ದಪ್ಪ ಬೊಟ್ಟಿಟ್ಟು ನಿಲ್ಸಿದ್ರಿ ನೋಡಿ, ಅದ್ಕೇ ಕಣ್ಣಿಗ್ ಬಿತ್ತು.”

ವ್ಯಾನ್ ಡ್ರೈವರ್ ರಾಜಣ್ಣನಿಗೆ ಮೇಡಂನ ಕರಿ ಎಂದು ಕೈಸನ್ನೆ ಮಾಡಿದೆ.

ಆಫೀಸಿನ ಕಿಟಕಿ ಗೇಟಿನ ಕಡೆಗೇ ಇದೆ. ಅದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಇಂಚರ ಅಲ್ಲಿಂದ ನೋಡಿ, ಮೇಡಂ ಹೊರಗೆ ಬರುವಷ್ಟರಲ್ಲಿ ಅವರ ಪಕ್ಕದಿಂದ ನುಸುಳಿ ಓಡಿ ಬಂದಳು.

“ಅಪ್ಪಾ! ಅಪ್ಪಾ, ಗೊಂಬೆ ತಂದ್ಯಾ?”

ಓಡುತ್ತಿದ್ದವಳನ್ನು ಸೊಂಟಕ್ಕೆ ಕೈ ಹಾಕಿ ಹಿಡಿದೆ. ಒದ್ದಳು. ನನ್ನ ಮಣಿಕಟ್ಟಿಗೆ ಹಲ್ಲು ಹಾಕಿದಳು. ಬಿಡಲಿಲ್ಲ.

ಮಕ್ಕಳನ್ನು ಕರೆದೊಯ್ಯಲು ಬಂದ ತಂದೆ ತಾಯಿಯರು ಸುತ್ತ ನಿಂತರು. ಅವರಿಗೆ ಒಳಗಿನ ವಿಷಯ ಗೊತ್ತಿಲ್ಲ. “ಅಯ್ಯೋ ಬಿಡಮ್ಮ, ಅಪ್ಪಾ ಅಂತ ಓಡ್ತೈತೆ ಕೂಸು” ಅಂದಳು ಒಬ್ಬಳು. “ಈ ಆಯಾಗಳ ದರ್ಬಾರು ಜಾಸ್ತಿ ಆಯ್ತು ಕಣ್ರಿ, ಈ ಸಲ ಮೀಟಿಂಗಲ್ಲಿ ಎತ್ಲೇಬೇಕು” ಅಂದ ಇನ್ನೊಬ್ಬ. ಆ ಮುದುಕಿ ಕವರ್ ನೆಲಕ್ಕಿಟ್ಟು ನನ್ನ ಹತ್ತಿರ ಬಂದಳು.

“ನಿನ್ ಕೈಗೆ ಉಳ ಬೀಳ! ನಿಂಗೆ ಮಕ್ಳಿಲ್ವೇನೇ?”

“ಅವೆ. ನಾಕ್ ಅವೆ. ಕಾರ್ಡ್ ಇದ್ರೆ ಕೊಡ್ತೀನಿ, ಇಲ್ದಿದ್ರೆ ಇಲ್ಲ.”

ರಾಜಣ್ಣ ತಾಯಿ ಮಗ ಇಬ್ಬರನ್ನೂ ಹೊರಗೇ ಉಳಿಸಿ ಗೇಟಿಗೆ ಬೀಗ ಹಾಕಿದ. ಮೇಡಂ ಫೋನಿನಲ್ಲಿ ಪೊಲೀಸರ ಜೊತೆ ಗಟ್ಟಿಯಾಗಿ ಮಾತಾಡಿದರು, ಕೋರ್ಟ್ ಆರ್ಡರ್ ಎಂಬ ಮಾತು ಎಲ್ಲರಿಗೂ ಕೇಳಿಸಿತು. ಸುತ್ತ ನಿಂತವರು ಒಬ್ಬೊಬ್ಬರೇ ತಮ್ಮ ಮಕ್ಕಳ ಕೈ ಹಿಡಿದು ಪಕ್ಕದ ಸಣ್ಣ ಬಾಗಿಲಿನಿಂದ ಹೊರಟರು. ಅವನು ಗೇಟಿನ ಕಂಬಿಗಳ ಸಂದಿಯಿಂದ ಕೈ ಹಾಕಿ ಮಗುವಿನ ತಲೆ ಮುಟ್ಟಲು ನೋಡಿದ. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

“ಬತ್ತೀನಿ ಕಂದ. ಇನ್ನೊಂದ್ಸಲ ಬತ್ತೀನಿ” ಅಂದ. ಆ ಮಾತನ್ನು ಮಗುವಿಗೆ ಹೇಳಿದನೋ ನನಗೆ ಹೇಳಿದನೋ ಗೊತ್ತಿಲ್ಲ. ಪೊಲೀಸರು ಬರುವಷ್ಟರಲ್ಲಿ ಇಬ್ಬರೂ ಹೋಗಿದ್ದರು. ಕವರ್ ಗೇಟಿನ ಹೊರಗೇ ಇತ್ತು. ಒಳಗೆ ಹಳದಿ ಫ್ರಾಕು. ಮಗುವಿಗೆ ಎರಡು ವರ್ಷ ಹಿಂದಿನ ಅಳತೆ.

ಎರಡು ದಿನ ಬಿಟ್ಟು ಸವಿತಾ ಟಿಸಿ ತೆಗೆದುಕೊಳ್ಳಲು ಬಂದಳು. ಟಿಸಿ ಅಂದರೆ ಬೇರೆ ಸ್ಕೂಲಿಗೆ ಸೇರಿಸಲು ಬೇಕಾದ ಕಾಗದ. ಯಾವ ಊರಿಗೆ ಎಂದು ಮೇಡಂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಚನ್ನರಾಯಪಟ್ಟಣ ಎಂದು ಟೀಚರುಗಳು ಮಾತಾಡಿಕೊಂಡರು, ಹಾಸನ ಎಂದು ರಾಜಣ್ಣ ಹೇಳಿದ. ಯಾರಿಗೂ ಗೊತ್ತಿರಲಿಲ್ಲ. ಇಂಚರ ತಾಯಿಯ ಪಕ್ಕ ನಿಂತಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು. ಅವಳ ಲೆಕ್ಕದಲ್ಲಿ ಅಪ್ಪನನ್ನು ಕಳಿಸಿದವಳು ನಾನು.

ಸವಿತಾ ಮಗುವಿನ ಕುತ್ತಿಗೆಯಿಂದ ಕೆಂಪು ಟ್ಯಾಗು ತೆಗೆದು ನನ್ನ ಕೈಗೆ ಕೊಟ್ಟಳು. ಅದು ಸ್ಕೂಲಿನ ಸಾಮಾನು, ವಾಪಸ್ ಕೊಡಬೇಕು.

“ಬೊಟ್ಟಿಟ್ಟೋರೂ ನೀವೇ, ಹಿಡ್ಕೊಂಡೋರೂ ನೀವೇ. ನಾನು ನಿಮಗೆ ಏನಂತ ಹೇಳ್ಲಿ?”

“ಏನೂ ಹೇಳ್ಬ್ಯಾಡವ್ವ” ಅಂದೆ.

ಆ ಶುಕ್ರವಾರದ ಹಾಳೆಯಲ್ಲಿ ಖೋಖೋ ಪಂದ್ಯದ ಸುದ್ದಿ ಇತ್ತು. ಲೋಕೇಶ ಮಾಸ್ಟರಿಗೂ ನನಗೂ ಮೇಡಂ ಒಂದೊಂದು ನೋಟಿಸ್ ಕೊಟ್ಟರು. ಮಾಸ್ಟರದ್ದನ್ನು ವಾಪಸ್ ತೆಗೆದುಕೊಳ್ಳಿ ಎಂದು ನಾನು ಹೇಳಿದೆ, ತೆಗೆದುಕೊಂಡರು. ನನ್ನದರ ಕೆಳಗೆ ಹೆಸರು ಬರೆದುಕೊಟ್ಟೆ. ಮಣಿಕಟ್ಟಿನ ಹಲ್ಲಿನ ಗುರುತು ವಾರದಲ್ಲಿ ಹೋಯಿತು.

ಕೆಂಪು ಟ್ಯಾಗು ಯಾಕೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಡೆ ನಾನೇ ಒಂದು ಕಾರಣ ಹೊಂದಿಸಿ, ನಾನೇ ಅದಕ್ಕೊಂದು ಮದ್ದು ಮಾಡಿದೆ. ಹದಿನಾಲ್ಕು ವರ್ಷದ ಕೆಲಸದಲ್ಲಿ ನಾನು ಕಲಿತದ್ದು ಇದೊಂದೇ. ಕಾರಣ ಗೊತ್ತಿಲ್ಲದಿದ್ದರೆ ಹೇಳಿದಷ್ಟು ಮಾಡಬೇಕು, ಇಲ್ಲವೇ ಬಾಯಿಬಿಟ್ಟು ಕೇಳಬೇಕು.

ಮರು ವರ್ಷದ ಫ್ಯಾಮಿಲಿ ಶನಿವಾರಕ್ಕೆ ಕೆಂಪು ಟ್ಯಾಗಿನ ಇನ್ನೊಂದು ಹುಡುಗಿ ಇದ್ದಳು. ಸಾಲು ನಿಲ್ಲಿಸುವಾಗ ನನ್ನ ಸೆರಗು ಹಿಡಿದು, ತಾನೂ ಫೋಟೋಗೆ ನಿಲ್ಲಬೇಕು ಎಂದು ಅತ್ತಳು. ಅವಳನ್ನು ನನ್ನ ಬೆನ್ನ ಹಿಂದೆ ನಿಲ್ಲಿಸಿಕೊಂಡೆ. ಲೋಕೇಶ ಮಾಸ್ಟರು ಫೋಟೋ ತೆಗೆದು ಮುಗಿಸುವವರೆಗೂ ಅತ್ತಳು. ಅಳಲಿ ಎಂದು ಬಿಟ್ಟೆ.