ಅಜ್ಜಿಗೆ ಕೇಳಿಸಿದ್ದು 'ತೀರಿ' ಅಷ್ಟೇ

ಸಂಜೆ ಮಗಳು ಇಂಗ್ಲಿಷ್ ಪಾಠ ಓದುತ್ತಾ 'ಥಿಯರೆಟಿಕಲಿ' ಅಂದಳು. ಆ ಪದ ನಾನು ಮೊದಲು ಕೇಳಿದ್ದು ಚಿಕ್ಕವನಿದ್ದಾಗ.

ನೆಲ್ಲಿನ ಗದ್ದೆಗೆ ನೀರು ಕಟ್ಟಲು ಹೋದ ಅಪ್ಪನಿಗೆ ಹಾವು ಕಚ್ಚಿತ್ತು. ಸಿಂಧನೂರಿನ ದವಾಖಾನೆ, ಮೂಗಿಗೆ ಅಡರುವ ಫಿನಾಯಿಲ್ ವಾಸನೆ. ನಾನು ಅವ್ವನ ಸೆರಗು ಹಿಡಿದು ನಿಂತಿದ್ದೆ. ಪರವೂರಿನ ಹೊಸ ಡಾಕ್ಟರ್ ಒಳಗಿಂದ ಬಂದು, "ಥಿಯರೆಟಿಕಲಿ, ಪೇಷಂಟು..." ಅನ್ನುವಷ್ಟರಲ್ಲೇ ಅಜ್ಜಿ ಚೀರಿದಳು.

"ತೀರಿಹೋದ್ನೇನೋ ನನ್ನ ಮಗಾ!"

ಅತ್ತೆಯೂ ಎದೆ ಬಡಿದುಕೊಂಡು ಅಳತೊಡಗಿದಳು. ಅವ್ವ ಮಾತ್ರ ಅಳಲಿಲ್ಲ. ಒಂದು ಕೈಯ ಬಳೆಗಳನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಮುಚ್ಚಿಕೊಂಡು ಕೇಳಿದಳು: "ಸಾಹೇಬ್ರ, ಆ ಮಾತಿನ ಅರ್ಥ ಏನ್ರೀ?"

"ಹಾಗಲ್ಲಮ್ಮಾ, ಜೀವ ಇದೆ. ಇಂಜೆಕ್ಷನ್ ಕೊಟ್ಟಿದ್ದೇವೆ. ಪುಸ್ತಕದ ಪ್ರಕಾರ ಬದುಕಬೇಕು."

"ಪುಸ್ತಕ ಬಿಡ್ರಿ. ಉಳೀತಾರೋ ಇಲ್ಲೋ?"

ಡಾಕ್ಟರ್ ನೆಲ ನೋಡಿದರು. ಆ ಪದದ ಅರ್ಥ ನನಗೆ ತಿಳಿದದ್ದು ಆಗಲೇ.

"ಅಪ್ಪಾ, ಹಂಗಂದ್ರೇನು?" ಮಗಳು ಕೇಳುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಹೊರಸಿನ ಮೇಲೆ ಕೂತಿದ್ದ ನನ್ನಪ್ಪ ನಕ್ಕ.

"ನನ್ನ ಕೇಳವಾ. ಆ ಮಾತಿನಾಗ ನಾ ಒಮ್ಮೆ ಸತ್ತೀನಿ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಬಳೆಗಳ ಸದ್ದು ತಟ್ಟನೆ ನಿಂತಿತು.